ಹ್ಯಾವ್ ಹ್ಯಾಡ್ ಹಿಡಿದುಕೊಂಡು ಡಿಟ್ರಾಯ್ಟಿಗೆ

ಚಿಕಾಗೊ, ವಿಮಾನ ನಿಲ್ದಾಣ

ಅಮೆರಿಕದ ನೆಲದ ಮೇಲೆ ನಿಂತು ನಾನು ಆಡಿದ ಮೊದಲ ಇಂಗ್ಲಿಷ್ ವಾಕ್ಯವೇ ತಪ್ಪು. ಅದೂ ಎಂಥ ತಪ್ಪು! ನನ್ನ ವಿದ್ಯಾರ್ಥಿಗಳ ಬಾಯಲ್ಲಿ ಬಂದಿದ್ದರೆ ತರಗತಿಯಲ್ಲೇ ಎಬ್ಬಿಸಿ ನಿಲ್ಲಿಸುತ್ತಿದ್ದೆ.

ಮೈಸೂರಿನ ಕಾಲೇಜೊಂದರಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಫ್ರೆಂಚ್ ಕಲಿಸಿದವಳು ನಾನು. ಇಂಗ್ಲಿಷ್ ಮೇಷ್ಟ್ರು ರಜೆ ಹಾಕಿದ ದಿನ ಅವರ ವ್ಯಾಕರಣದ ಪಾಠವೂ ನನ್ನ ತಲೆಗೇ ಬೀಳುತ್ತಿತ್ತು. ಹೋದ ವರ್ಷ ನಿವೃತ್ತಿಯಾಯಿತು. ಈಗ ಮೊದಲ ಸಲ ಹೊರದೇಶ. ಇಪ್ಪತ್ತು ಗಂಟೆ ವಿಮಾನದಲ್ಲಿ ಮುದುಡಿ ಕೂತು ಬಂದ ಮೈ, ಬಾತುಕೊಂಡ ಕಾಲು. ಗಾಜಿನ ಆಚೆ ಕೂತ ಅಧಿಕಾರಿ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದ. ನಾನು ತಟಕ್ಕನೆ, "ಐ ಆಮ್ ಟೀಚಿಂಗ್ ಫ್ರೆಂಚ್ ಸಿನ್ಸ್ ಥರ್ಟಿ ಇಯರ್ಸ್" ಎಂದುಬಿಟ್ಟೆ.

ಅವನ ಹುಬ್ಬು ಮೇಲೆ ಹೋಯಿತು. ಟೀಚಿಂಗ್ ಅಂದರೆ ಈಗ ಕಲಿಸುತ್ತಿದ್ದೀರಾ, ಎಲ್ಲಿ, ಇಲ್ಲಿಯೂ ಕಲಿಸಲು ಬಂದಿರಾ ಎಂದು ವಿಚಾರಣೆ ಶುರುವಾಯಿತು. ಇಲ್ಲ, ನಿವೃತ್ತಿಯಾಗಿದೆ ಎಂದೆ. ಹಾಗಾದರೆ ಈಗ ಕಲಿಸುತ್ತಿಲ್ಲವಲ್ಲ ಎಂದ. ನನ್ನ ಹಿಂದಿನ ಸಾಲಿನಲ್ಲಿದ್ದ ಗುಜರಾತಿ ಅಜ್ಜ ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು. ಕೊನೆಗೆ "ಐ ಟಾಟ್ ಫ್ರೆಂಚ್. ಫಿನಿಶ್ಡ್" ಎಂದು ಎರಡು ಕೈಯನ್ನೂ ಒದರಿ ತೋರಿಸಿದ ಮೇಲೆಯೇ ಅವನು ಮುದ್ರೆ ಒತ್ತಿದ್ದು.

ಹೊರಗೆ ಬರುವಾಗ ನಾಚಿಕೆಗಿಂತ ಹೆಚ್ಚಾಗಿ ನಗು ಬಂತು. ಆ ವಾಕ್ಯ ಇಂಗ್ಲಿಷಿನ ಬಟ್ಟೆ ತೊಟ್ಟ ಅಪ್ಪಟ ಕನ್ನಡ. 'ಮೂವತ್ತು ವರ್ಷದಿಂದ ಪಾಠ ಮಾಡ್ತಾ ಇದೀನಿ' ಎನ್ನುವುದರಲ್ಲಿ ನಮಗೆ ಯಾವ ದೋಷವೂ ಇಲ್ಲ. ಫ್ರೆಂಚರೂ ಹೀಗೆಯೇ ಹೇಳುತ್ತಾರೆ, ವರ್ತಮಾನ ಕಾಲದಲ್ಲಿ. ಇಂಗ್ಲಿಷ್ ಮಾತ್ರ ಹಾಗಲ್ಲ. ನಿನ್ನೆಯಿಂದ ಇಂದಿಗೆ ಹಾಸಿಕೊಂಡಿರುವ ಸಂಗತಿಗೆ ಅದು ಪ್ರತ್ಯೇಕವಾಗಿ ಒಂದು 'ಹ್ಯಾವ್' ಕೇಳುತ್ತದೆ, ಮುಗಿದುಹೋದದ್ದಕ್ಕೆ ಬರೀ ಭೂತಕಾಲ ಸಾಕೆನ್ನುತ್ತದೆ. ಈ ಒಂದು 'ಹ್ಯಾವ್' ನನ್ನ ಇಡೀ ಪ್ರವಾಸವನ್ನೇ ನುಂಗಿಹಾಕುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಓಕ್ ಬ್ರೂಕ್, ಲೆಮಾಂಟ್

ಮೊದಲ ನಾಲ್ಕು ದಿನ ಓಕ್ ಬ್ರೂಕಿನಲ್ಲಿ, ಬಿ.ಎ. ಗೆಳತಿ ಪದ್ಮಾಳ ಮನೆ. ಅಲ್ಲಿನ ಮಾಲ್‌ಗೆ ಚಾವಣಿಯಿಲ್ಲ, ಅಂಗಡಿಗಳ ನಡುವೆ ಆಕಾಶ. ನಮ್ಮ ದೇವರಾಜ ಅರಸು ರಸ್ತೆಯನ್ನು ತೊಳೆದು, ಒರೆಸಿ, ಹಾರ್ನ್ ತೆಗೆದಿಟ್ಟ ಹಾಗಿತ್ತು. ನನಗೆ ಅಂಗಡಿಗಳಿಗಿಂತ ರಸ್ತೆಯ ಫಲಕಗಳ ಮೇಲೆ ಕಣ್ಣು. ಯಾಕೆಂದರೆ ಈ ಸೀಮೆ ಪೂರ್ತಿ ಫ್ರೆಂಚ್ ಹೆಸರುಗಳು! ಮುನ್ನೂರು ವರ್ಷಗಳ ಹಿಂದೆ ದೋಣಿಯಲ್ಲಿ ಬಂದ ಫ್ರೆಂಚರು ಊರೂರಿಗೂ ಹೆಸರಿಟ್ಟು ಹೋಗಿದ್ದಾರೆ. ನನ್ನ ಜೀವಮಾನದಲ್ಲಿ ಪುಸ್ತಕದ ಹೊರಗೆ, ನಿಜವಾದ ಕಂಬದ ಮೇಲೆ, ನಿಜವಾದ ಫ್ರೆಂಚ್ ಪದ ಕಂಡದ್ದು ಇದೇ ಮೊದಲು. ಕಾರಿನಲ್ಲಿ ಕೂತು ಮಗುವಿನ ಹಾಗೆ ಒಂದೊಂದನ್ನೂ ಜೋರಾಗಿ ಓದಿದೆ.

"ದೇ ಪ್ಲೆನ್" ಎಂದೆ. ಪದ್ಮಾ ಸ್ಟೀರಿಂಗ್ ಬಿಡದೆ ನಕ್ಕಳು. "ವಿಮ್ಲಾ, ಹಾಗಂದ್ರೆ ಇಲ್ಲಿ ಯಾರೂ ನಿನಗೆ ದಾರಿ ಹೇಳಲ್ಲ. ಡೆಸ್ ಪ್ಲೇನ್ಸ್ ಅನ್ನಬೇಕು. ಎಲ್ಲಾ ಎಸ್ಸೂ ಬಿಡಿಸಿ ಹೇಳು."

ಆದರೆ ಇಲಿನಾಯ್ ಎನ್ನುವಾಗ ಮಾತ್ರ ಕೊನೆಯ ಎಸ್ ನುಂಗಬೇಕಂತೆ. ಯಾವ ಎಸ್ ಉಗುಳಬೇಕು, ಯಾವುದನ್ನು ನುಂಗಬೇಕು ಎನ್ನುವುದಕ್ಕೆ ಇಲ್ಲಿ ಯಾವ ಸೂತ್ರವೂ ಇಲ್ಲ. ನನ್ನ ಸಂಕಟ ನೋಡಿ ಪದ್ಮಾಳ ಗಂಡ ಪಾಪ ಎಂದರು.

ನವರಾತ್ರಿಯ ಭಾನುವಾರ ಲೆಮಾಂಟಿನ ದೇವಸ್ಥಾನಕ್ಕೆ ಹೋದೆವು. ಗುಡ್ಡದ ಮೇಲೆ ಬಿಳಿ ಗೋಪುರ, ಕೆಳಗೆ ನೂರಾರು ಕಾರು. ಊಟದ ಸಾಲಿನಲ್ಲಿ ನಿಂತಾಗ ಧಾರವಾಡದ ಕಡೆಯ ಹೆಂಗಸೊಬ್ಬರು ಪರಿಚಯ ಮಾಡಿಕೊಂಡರು. "ಯಾವಾಗ ಬಂದೀರಿ?" ಎಂದರು. ನಾನು, "ಮೊನ್ನೆ ಬಂದಿದೀನಿ" ಎಂದೆ. ಎಲೆಯ ಮುಂದೆ ಕೂತ ಮೇಲೆ ನನ್ನ ಮಾತೇ ನನಗೆ ಚುಚ್ಚಿತು. 'ಮೊನ್ನೆ' ಎಂದು ದಿನ ಹೇಳಿದ ಮೇಲೂ ಕನ್ನಡ 'ಬಂದಿದೀನಿ' ಎನ್ನಲು ಬಿಡುತ್ತದೆ. ಇಂಗ್ಲಿಷ್ ಬಿಡುವುದಿಲ್ಲ. ಫ್ರೆಂಚ್ ಬಿಡುತ್ತದೆ. ಅಂದರೆ ನಮ್ಮವರು 'ಐ ಹ್ಯಾವ್ ಕಮ್ ಯೆಸ್ಟರ್ಡೇ' ಎಂದರೆ, ಫ್ರೆಂಚ್ ಮನೆಮಾತಿನವರೂ ಅದನ್ನೇ ಅನ್ನುತ್ತಾರೆ! ಇಷ್ಟು ವರ್ಷ ಎರಡು ಭಾಷೆಯನ್ನೂ ಪಕ್ಕಪಕ್ಕ ಇಟ್ಟುಕೊಂಡಿದ್ದರೂ ಇದು ನನಗೆ ಹೊಳೆದಿರಲಿಲ್ಲ. ಲೆಮಾಂಟಿನ ಪುಳಿಯೋಗರೆ ತಿನ್ನುವಾಗ ಹೊಳೆಯಿತು. ಪದ್ಮಾಳಿಗೆ ವಿವರಿಸಹೋದೆ. ಮೊದಲು ಊಟ ಮಾಡು ಎಂದಳು.

ಮಿಷಿಗನ್ ದಾರಿ

ಡಿಟ್ರಾಯ್ಟಿನ ಹತ್ತಿರದ ಕ್ಯಾಂಟನ್‌ನಲ್ಲಿ ನನ್ನ ತಂಗಿಯ ಮಗಳು ವಿದ್ಯಾ ಇದ್ದಾಳೆ. ಗಂಡ ಪ್ರಶಾಂತ ಮಂಡ್ಯದ ಹುಡುಗ, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ಅವನೇ ಬಂದು ನನ್ನನ್ನು ಕರೆದುಕೊಂಡು ಹೋದ. ಸುಮಾರು ಮುನ್ನೂರು ಮೈಲಿ. ಮೇಪಲ್ ಮರಗಳು ಅರಿಶಿನ ಕುಂಕುಮ ಎರಚಿಕೊಂಡು ನಿಂತಿದ್ದವು. ಮಿಷಿಗನ್ ಗಡಿ ದಾಟಿ ಸ್ವಲ್ಪ ದೂರಕ್ಕೆ ಪ್ರಶಾಂತನ ಕಾರಿನ ಗಡಿಯಾರ ತಾನಾಗಿಯೇ ಒಂದು ಗಂಟೆ ಮುಂದೆ ಹಾರಿತು. ಇಲ್ಲಿಂದ ಟೈಮ್ ಝೋನ್ ಬೇರೆ, ಒಂದು ಗಂಟೆ ಹೋಯ್ತು ದೊಡ್ಡಮ್ಮ ಎಂದ ಅವನು. ಎಲ್ಲಿಗೆ ಹೋಯಿತು ಎಂದು ಕೇಳಿದೆ. ಚಿಕಾಗೊದಲ್ಲೇ ಬಿಟ್ಟು ಬಂದ್ವಿ, ವಾಪಸ್ ಹೋಗುವಾಗ ಎತ್ಕೊಳ್ಳಿ ಎಂದು ನಕ್ಕ.

ಅವರ ಮಗಳು ಇಳಾ ಹೈಸ್ಕೂಲು. ಹುಟ್ಟಿದ್ದು ಇಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಬೇಜಾರಿಲ್ಲ. ಶಾಲೆಯಲ್ಲಿ ಫ್ರೆಂಚ್ ತೆಗೆದುಕೊಂಡಿದ್ದಾಳೆ ಎಂದು ಕೇಳಿ ನನಗೆ ಸ್ವರ್ಗ ಸಿಕ್ಕಿತು. ಯಾಕೆ ಫ್ರೆಂಚ್ ಎಂದು ಕೇಳಿದೆ. ಸ್ಪ್ಯಾನಿಷ್ ಕ್ಲಾಸು ತುಂಬಿತ್ತಂತೆ. ಮೈಸೂರಿನಲ್ಲಿ ಅಂಕ ಜಾಸ್ತಿ ಬರುತ್ತದೆ ಎಂದು ಫ್ರೆಂಚ್ ತೆಗೆದುಕೊಳ್ಳುತ್ತಿದ್ದ ನನ್ನ ವಿದ್ಯಾರ್ಥಿಗಳು ನೆನಪಾದರು. ಎಲ್ಲಿ ಹೋದರೂ ಪಾಪದ ಫ್ರೆಂಚಿಗೆ ಇದೇ ಗತಿ.

ಕ್ಯಾಂಟನ್, ಲೈಬ್ರರಿ

ವಿದ್ಯಾ ಮನೆಯಿಂದಲೇ ಆಫೀಸು ಕೆಲಸ ಮಾಡುವವಳು. ಬೆಳಗ್ಗೆ ಅವಳಿಗೆ ಮೀಟಿಂಗುಗಳ ಸಾಲು. ನನಗೆ ಹೊತ್ತು ಹೋಗಲಿ ಎಂದು ಲೈಬ್ರರಿಯಲ್ಲಿ ನಡೆಯುವ ಇಂಗ್ಲಿಷ್ ಮಾತುಕತೆಯ ತರಗತಿಗೆ ಬಿಟ್ಟಳು. ಬೇರೆ ಬೇರೆ ದೇಶದವರು ಸುತ್ತ ಕೂತು ಮಾತಾಡುವುದು, ಅಷ್ಟೇ. ನಡೆಸುವವನು ವಾಲ್ಟ್ ಎಂಬ ಅಜ್ಜ, ಕಾರು ಕಾರ್ಖಾನೆಯಿಂದ ನಿವೃತ್ತನಾದವನು. ಬಾಗಿಲಲ್ಲೇ ನನ್ನನ್ನು "ಜೀಟ್?" ಎಂದು ಕೇಳಿದ. ನನಗೆ ತಲೆಬುಡ ತಿಳಿಯಲಿಲ್ಲ. ಅದು 'ಡಿಡ್ ಯೂ ಈಟ್' ಅಂತೆ. ಡೋನಟ್ಟಿನ ಡಬ್ಬಿ ಮುಂದೆ ಹಿಡಿದ. ನಾನು ಮೂವತ್ತು ವರ್ಷ 'ಹ್ಯಾವ್ ಯೂ ಈಟನ್' ಎಂದೇ ಹೇಳಬೇಕು ಎಂದು ಕಲಿಸಿದ್ದೆ. ಆದರೂ ಊಟ ಆಯ್ತಾ ಎಂದು ಬಾಗಿಲಲ್ಲಿ ಕೇಳುವ ಮನುಷ್ಯನ ಮೇಲೆ ಹೇಗೆ ಸಿಟ್ಟು ಮಾಡುವುದು?

ಎಲ್ಲರೂ ತಮ್ಮ ಪರಿಚಯ ಹೇಳಿಕೊಂಡರು. ನನ್ನ ಎದುರು ಹಳದಿ ತಲೆವಸ್ತ್ರ ಕಟ್ಟಿದ ಎತ್ತರದ ಹೆಂಗಸು ಎದ್ದು ನಿಂತಳು. ಹೆಸರು ಸೆಲೆಸ್ತೀನ್, ಆಫ್ರಿಕಾದಲ್ಲಿ ಫ್ರೆಂಚ್ ನಡೆಯುವ ಟೋಗೊ ದೇಶ, ಲೋಮೆ ಊರು. ಸೂಪರ್‌ಮಾರ್ಕೆಟ್ಟಿನಲ್ಲಿ ಬ್ರೆಡ್ಡಿನ ವಿಭಾಗದಲ್ಲಿ ಕೆಲಸ. ಆಮೇಲೆ ಹೇಳಿದಳು: "ಐ ಆಮ್ ಇನ್ ಅಮೆರಿಕಾ ಸಿನ್ಸ್ ಸಿಕ್ಸ್ ಇಯರ್ಸ್."

ನನ್ನ ವಾಕ್ಯ! ವಿಮಾನ ನಿಲ್ದಾಣದಲ್ಲಿ ನಾನು ಆಡಿದ ಅದೇ ವಾಕ್ಯ! ತಡೆಯಲಾರದೆ ಈ ಕಡೆಯಿಂದ ಆ ಕಡೆಗೆ ಫ್ರೆಂಚಿನಲ್ಲಿ ಕೂಗಿಯೇಬಿಟ್ಟೆ, ಆರು ವರ್ಷದಿಂದಲಾ ಮದಾಮ್ ಎಂದು. ಆಕೆ ಬೆಚ್ಚಿ ನನ್ನ ಸೀರೆ ನೋಡಿದಳು, ಮುಖ ನೋಡಿದಳು. ಆಮೇಲೆ ಫ್ರೆಂಚಿನಲ್ಲಿ, ಹೌದು ಮದಾಮ್, ನೀವು ಎಲ್ಲಿಯವರು ಎಂದಳು.

ಓದುಗರೇ, ನಾನು ಫ್ರಾನ್ಸಿಗೆ ಹೋದವಳಲ್ಲ. ಕಲಿಸಿದ್ದಷ್ಟೇ. ನನ್ನ ಫ್ರೆಂಚಿಗೆ, ಫ್ರೆಂಚಿನಲ್ಲೇ ಓದಿ ಬೆಳೆದವರೊಬ್ಬರು ಮುಖಕ್ಕೆ ಮುಖ ಕೊಟ್ಟು ಉತ್ತರ ಹೇಳಿದ್ದು ಅರವತ್ತು ದಾಟಿದ ಮೇಲೆ, ಅದೂ ಮಿಷಿಗನ್ನಿನಲ್ಲಿ. ಮೈ ಜುಮ್ ಎಂದಿತು. ಇಂಗ್ಲಿಷಿನ ಬೋಳು 'ಯೂ' ಬಿಟ್ಟು, ನಮ್ಮ 'ನೀವು' ಎಂಬಂಥದೇ ಮರ್ಯಾದೆಯ 'ವೂ' ಹಚ್ಚಿ ಇಬ್ಬರೂ ಸುರಿಸಿದ್ದೇ ಸುರಿಸಿದ್ದು. ವಾಲ್ಟ್ ಅಜ್ಜ ಇಂಗ್ಲಿಷ್ ಪ್ಲೀಸ್ ಎಂದು ಮೂರು ಸಲ ಮೇಜು ತಟ್ಟಿದ.

ತರಗತಿ ಮುಗಿದ ಮೇಲೆ ಹೊರಗಿನ ಬೆಂಚಿನ ಮೇಲೆ ಆಕೆ ತನ್ನ ಕಷ್ಟ ಹೇಳಿಕೊಂಡಳು. ಪೌರತ್ವದ ಸಂದರ್ಶನಕ್ಕೆ ಡಿಟ್ರಾಯ್ಟಿಗೆ ಒಮ್ಮೆ ಹೋಗಿ ಬಂದಿದ್ದಾಳೆ, ಆಗಲಿಲ್ಲ. ಎರಡು ವಾರದಲ್ಲಿ ಎರಡನೆಯ ಸಲ. ಅದೂ ಆಗದಿದ್ದರೆ ಮೊದಲಿನಿಂದ ಅರ್ಜಿ ಹಾಕಬೇಕು, ಮತ್ತೆ ಎಷ್ಟು ತಿಂಗಳೋ. ಮಗಳು ಅಫಿಗೆ ಬರುವ ಬೇಸಿಗೆಗೆ ಹದಿನೆಂಟು ತುಂಬುತ್ತದೆ. ಅದಕ್ಕೆ ಮೊದಲು ತಾಯಿಗೆ ಸಿಕ್ಕಿದರೆ ಮಗಳಿಗೂ ಜೊತೆಯಲ್ಲೇ ಸಿಗುತ್ತದೆ. ಆಮೇಲಾದರೆ ಮಗಳ ದಾರಿ ಮಗಳಿಗೆ.

ಎಲ್ಲಿ ತಪ್ಪಿತು ಎಂದು ಕೇಳಿದೆ. ಅಧ್ಯಕ್ಷರು ಯಾರು, ಧ್ವಜದಲ್ಲಿ ಪಟ್ಟೆ ಎಷ್ಟು, ಅದೆಲ್ಲ ಆಕೆಗೆ ಬಾಯಿಪಾಠ. ತಪ್ಪಿದ್ದು ಒಂದು ಸಾದಾ ಪ್ರಶ್ನೆಯಲ್ಲಿ. ನಿಮಗೆ ಎಷ್ಟು ಜನ ಮಕ್ಕಳು ಹುಟ್ಟಿದ್ದಾರೆ ಎಂದು ಅಧಿಕಾರಿ ಕೇಳಿದ: "ಹೌ ಮೆನಿ ಚಿಲ್ಡ್ರನ್ ಹ್ಯಾವ್ ಯೂ ಹ್ಯಾಡ್?" ಆಕೆಯ ಕಿವಿಗೆ ಬಿದ್ದದ್ದು 'ಹ್ಯಾವ್' ಮಾತ್ರ. ಈಗ ಇರುವವರು ಎಂದುಕೊಂಡು ಒಬ್ಬಳು ಎಂದಳು. ಅರ್ಜಿಯಲ್ಲಿ ಇಬ್ಬರು ಎಂದಿದೆಯಲ್ಲ, ಇನ್ನೊಬ್ಬ ಎಲ್ಲಿ ಎಂದ. ಮಗಳಿಗಿಂತ ಮೊದಲು ಹುಟ್ಟಿದ ಗಂಡುಮಗು, ನಾಲ್ಕು ವರ್ಷಕ್ಕೆ ಜ್ವರ ಬಂದು ಲೋಮೆಯಲ್ಲೇ ತೀರಿಕೊಂಡಿತ್ತು. ಆಕೆ ಫ್ರೆಂಚಿನಲ್ಲಿ ಹೇಳುವ ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದಳು: "ಐ ಹ್ಯಾವ್ ಲಾಸ್ಟ್ ಹಿಮ್."

ಅಧಿಕಾರಿಗೆ ಅದು, ಹುಡುಗ ಕಾಣೆಯಾಗಿದ್ದಾನೆ, ಇನ್ನೂ ಸಿಕ್ಕಿಲ್ಲ ಎಂದು ಕೇಳಿಸಿತು. ಕೊನೆಯ ಸಲ ಯಾವಾಗ ನೋಡಿದಿರಿ, ಪೊಲೀಸರಿಗೆ ತಿಳಿಸಿದಿರಾ ಎಂದು ಕಾಳಜಿಯಿಂದಲೇ ಕೇಳಿದ. ಪೊಲೀಸ್ ಎಂಬ ಮಾತು ಕೇಳಿ ಸೆಲೆಸ್ತೀನ್ ಕಂಗಾಲಾದಳು. ಆಮೇಲೆ ಯಾವ ಪ್ರಶ್ನೆಗೂ ಬಾಯಿ ಬರಲಿಲ್ಲ. ಅವನು ನೀರು ಕೊಟ್ಟು, ಇನ್ನೊಂದು ದಿನ ಬನ್ನಿ ಎಂದು ಕಳಿಸಿದ.

ನಾನು ಬೆಂಚಿನಿಂದ ಎದ್ದು ನಿಂತೆ. ನಾಳೆಯಿಂದ ನಮ್ಮ ಮನೆಗೆ ಬನ್ನಿ, ಇದನ್ನು ಸರಿಮಾಡಿಯೇ ನಾನು ವಿಮಾನ ಹತ್ತುವುದು ಎಂದೆ. ನಯಾಗರ ನೋಡಲು ಹಾಕಿಕೊಂಡಿದ್ದ ಕಾರ್ಯಕ್ರಮ ಅಲ್ಲಿಗೆ ಖೋತಾ.

ಕ್ಯಾಂಟನ್, ಅಡುಗೆಮನೆ

ಸಂಜೆ ಕೆಲಸ ಮುಗಿಸಿ ಆಕೆ ಬರುವಳು, ಕೈಯಲ್ಲಿ ಮಿಕ್ಕ ಬ್ರೆಡ್ಡಿನ ಚೀಲ. ಒಂದು ದಿನ ಪ್ರಶಾಂತನಿಗಾಗಿ ರಾಗಿಮುದ್ದೆ ಮಾಡಿದ್ದೆ. ಅಮೆರಿಕದಲ್ಲಿ ಹುಟ್ಟಿದ ಇಳಾ ಮುದ್ದೆಯನ್ನು ಫೋರ್ಕಿನಿಂದ ಕುಟ್ಟುತ್ತಿರುವಾಗ, ಸೆಲೆಸ್ತೀನ್ ಕೈ ತೊಳೆದು ಬಂದು, ಬೆರಳಲ್ಲಿ ಚೂರು ಮುರಿದು, ಗುಳಿ ಮಾಡಿ, ಸೊಪ್ಪಿನ ಸಾರಿನಲ್ಲಿ ಅದ್ದಿ ಗುಳುಂ ಎಂದು ನುಂಗಿದಳು. ಅವರಲ್ಲಿ ಜೋಳದ ಹಿಟ್ಟಿನಲ್ಲಿ ಹೀಗೇ ಮಾಡುತ್ತಾರಂತೆ. ಪ್ರಶಾಂತ ಎದ್ದು ನಿಂತು ಇನ್ನೊಂದು ಮುದ್ದೆ ಬಡಿಸಿದ. ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಮನೆಯಲ್ಲಿ ಮುದ್ದೆ ನುಂಗಲು ಒಬ್ಬರು ಜೊತೆ ಸಿಕ್ಕಿದರು ದೊಡ್ಡಮ್ಮ ಎಂದು ಅವನಿಗೆ ಸಂತೋಷವೋ ಸಂತೋಷ.

ಪಾಠ ಮಾತ್ರ ಮುದ್ದೆಯಷ್ಟು ಸಲೀಸಾಗಿ ಇಳಿಯಲಿಲ್ಲ. ತೊಂದರೆ ಏನೆಂದರೆ, ಫ್ರೆಂಚಿನ ಮಾತಿನಲ್ಲಿ ಮುಗಿದದ್ದಕ್ಕೂ ಮುಗಿಯದೆ ಉಳಿದದ್ದಕ್ಕೂ ಒಂದೇ ರೂಪ. ನಿನ್ನೆ ತಿಂದೆ, ಈಗಾಗಲೇ ತಿಂದಿದ್ದೇನೆ, ಎರಡಕ್ಕೂ ಒಂದೇ. ನೋಡಲು ಅದು ಇಂಗ್ಲಿಷಿನ 'ಹ್ಯಾವ್ ಈಟನ್' ಹಾಗೆಯೇ ಇರುತ್ತದೆ. ಹಾಗಾಗಿ ಅವರು ಎಲ್ಲ ಕಡೆಯೂ ಹ್ಯಾವ್ ತಂದು ಸುರಿಯುತ್ತಾರೆ. ನಾನು ಕಟ್ಟುನಿಟ್ಟಾಗಿ ಹೇಳಿದೆ: ಯಾವಾಗ ಆಯಿತು ಎಂದು ಹೇಳಬಹುದಾದರೆ ಹ್ಯಾವ್ ಬೇಡ. ಐ ಹ್ಯಾಡ್ ಟೂ ಚಿಲ್ಡ್ರನ್. ಒನ್ ಡೈಡ್. ತಪ್ಪಿಲ್ಲ, ಗೊಂದಲವಿಲ್ಲ, ಯಾವ ಅಧಿಕಾರಿಯೂ ಪೊಲೀಸರನ್ನು ಕರೆಯುವುದಿಲ್ಲ.

ಇಳಾ ಅಧಿಕಾರಿಯ ಪಾತ್ರ ವಹಿಸಿದಳು. ಅಪ್ಪನ ಕೋಟು ಹಾಕಿ, ಕಣ್ಣು ಕಿರಿದು ಮಾಡಿ ಪ್ರಶ್ನೆ ಎಸೆದಳು. ಅವಳ ಬಾಯಲ್ಲಿ ಆ 'ಹ್ಯಾವ್' ಕೇಳಿಸುವುದೇ ಇಲ್ಲ, ಬರೀ ಒಂದು 'ವ್' ಎನ್ನುವ ಉಸಿರು. ಬಿಡಿಸಿ ಹೇಳೇ ಎಂದು ಗದರಿದೆ. "ಅಜ್ಜಿ, ನೋಬಡಿ ಟಾಕ್ಸ್ ಲೈಕ್ ದಟ್" ಎಂದಳು. ಅವಳು ಹೇಳಿದ್ದೂ ನಿಜವೇ. ಸಂದರ್ಶನದಲ್ಲಿ ಯಾರು ಬಿಡಿಸಿ ಹೇಳುತ್ತಾರೆ?

ನಾಲ್ಕನೆಯ ಸಂಜೆಯ ಹೊತ್ತಿಗೆ ಸೆಲೆಸ್ತೀನ್ ಎಲ್ಲವನ್ನೂ ತಪ್ಪಿಲ್ಲದೆ ಹೇಳತೊಡಗಿದಳು. ಐ ಹ್ಯಾಡ್ ಟೂ ಚಿಲ್ಡ್ರನ್. ಒಮ್ಮೆ, ಎರಡು ಸಲ, ಹತ್ತು ಸಲ. ನಾನು ಚಪ್ಪಾಳೆ ತಟ್ಟಿದೆ. ಆಕೆ ಮಾತ್ರ ನಗಲಿಲ್ಲ. ನೆಲ ನೋಡುತ್ತಾ ನಿಧಾನವಾಗಿ ಫ್ರೆಂಚಿನಲ್ಲಿ ಮಾತಾಡಿದಳು. ಅದನ್ನು ನಮ್ಮ ಮಾತಿಗೆ ತಂದರೆ ಹೀಗೆ.

"ಮದಾಮ್, ಈ ಹ್ಯಾಡ್ ಅಂದಾಗಲೆಲ್ಲ ಬಾಗಿಲು ಹಾಕಿದ ಸದ್ದು ಕೇಳ್ಸುತ್ತೆ. ಇದ್ರು, ಈಗಿಲ್ಲ. ಇಬ್ಬರನ್ನೂ ನಾನೇ ಹೊರಗೆ ಕಳಿಸಿದ ಹಾಗಾಗುತ್ತೆ. ಅಫಿ ಇದಾಳಲ್ಲ, ಅವಳನ್ನ ಯಾಕೆ ಹ್ಯಾಡ್ ಒಳಗೆ ಹಾಕಬೇಕು?"

ವ್ಯಾಕರಣಕ್ಕೆ ಹೃದಯ ಗೊತ್ತಾಗುವುದಿಲ್ಲ, ಪರೀಕ್ಷೆಯಲ್ಲಿ ಪಾಸಾಗಬೇಕು ತಾನೆ ಎಂದು ನಾನು ಸಮಾಧಾನ ಹೇಳಿದೆ. ಆಕೆ ತಲೆಯಾಡಿಸಿ ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಸಂದರ್ಶನಕ್ಕೆ ಉಳಿದದ್ದು ಒಂದು ವಾರ. ಆಕೆ ಈ ಸಲ ಹೋಗದೆಯೇ ಉಳಿದುಬಿಟ್ಟರೆ ಎಂದು ಸಂಜೆಯೆಲ್ಲ ಕಿಟಕಿಯ ಬಳಿ ಹೋಗಿ ಹೋಗಿ ನೋಡಿದೆ.

ಕ್ಯಾಂಟನ್, ಸೂಪರ್‌ಮಾರ್ಕೆಟ್

ಬೆಳಗ್ಗೆ ವಿದ್ಯಾಳ ಜೊತೆ ಒಗೆದ ಬಟ್ಟೆ ಮಡಚುತ್ತಿದ್ದೆ. ನಮ್ಮಮ್ಮನ ಮಾತು ಬಂತು. ಅಜ್ಜಿಗೆ ಒಟ್ಟು ಎಷ್ಟು ಮಕ್ಕಳು ದೊಡ್ಡಮ್ಮ ಎಂದು ವಿದ್ಯಾ ಕೇಳಿದಳು. ಹೆತ್ತದ್ದು ಐದು, ಉಳಿದದ್ದು ಮೂರು ಎಂದೆ, ನಮ್ಮಮ್ಮ ಹೇಳುತ್ತಿದ್ದ ಹಾಗೆಯೇ. ಜನಗಣತಿಯವರು ಬಂದಾಗ, ನೆಂಟರು ಕೇಳಿದಾಗ, ಆಸ್ಪತ್ರೆಯಲ್ಲಿ, ಎಲ್ಲ ಕಡೆಯೂ ಅಮ್ಮನದು ಅದೇ ಉತ್ತರ. ಮೊದಲು ಹೆತ್ತದ್ದು, ಆಮೇಲೆ ಉಳಿದದ್ದು. ಐದು ಎನ್ನುವುದನ್ನು ಆಕೆ ಎಂದೂ ಬಿಟ್ಟುಕೊಡಲಿಲ್ಲ.

ಕೈಯಲ್ಲಿದ್ದ ಟವೆಲ್ ಕೆಳಗೆ ಬಿತ್ತು. ಎಂಥ ದಡ್ಡಿ ನಾನು! ಅಧಿಕಾರಿಯ ಪ್ರಶ್ನೆಯಲ್ಲೇ ಉತ್ತರ ಇತ್ತಲ್ಲ. ಹ್ಯಾವ್ ಯೂ ಹ್ಯಾಡ್. ಹೆತ್ತದ್ದು ಎಷ್ಟು ಎಂದು ಅವನು ಕೇಳುತ್ತಿದ್ದಾನೆ. ನಾನು ಆಕೆಗೆ ಹ್ಯಾವ್ ಕಿತ್ತು ಬರೀ ಹ್ಯಾಡ್ ಕೊಟ್ಟಿದ್ದೆ.

ವಿದ್ಯಾಳ ಮೀಟಿಂಗ್ ಶುರುವಾಗುವುದರಲ್ಲಿತ್ತು. "ದೊಡ್ಡಮ್ಮ, ಸಾಯಂಕಾಲ ಹೋಗೋಣ್ವಾ?" ಎಂದಳು. ಆಗುವುದಿಲ್ಲ ಎಂದೆ. ಪಾಪ, ಕಿವಿಗೆ ಫೋನು ಸಿಕ್ಕಿಸಿಕೊಂಡು ಮೀಟಿಂಗ್ ಕೇಳುತ್ತಲೇ ಡ್ರೈವ್ ಮಾಡಿದಳು.

ಸೂಪರ್‌ಮಾರ್ಕೆಟ್ಟಿನ ಆ ಉದ್ದಗಲದಲ್ಲಿ ಬ್ರೆಡ್ಡಿನ ವಿಭಾಗ ಹುಡುಕಿ ಓಡಿದೆ, ಸೀರೆಯ ಮೇಲೆ ಪ್ರಶಾಂತನ ಜಾಕೆಟ್ಟು ಬೇರೆ. ಸೆಲೆಸ್ತೀನ್ ಬಿಳಿ ಟೋಪಿ ಹಾಕಿಕೊಂಡು ಬನ್ನು ಜೋಡಿಸುತ್ತಿದ್ದಳು. ನನ್ನನ್ನು ಕಂಡು ತಪ್ಪು ಮಾಡಿದವಳಂತೆ ನಿಂತಳು. ನಾನು ಕ್ಷೇಮ ಸಮಾಚಾರ ಕೂಡ ಕೇಳದೆ ಗಾಜಿನ ಕಪಾಟಿನ ಮೇಲಿಂದ ಬಗ್ಗಿ ಫ್ರೆಂಚಿನಲ್ಲಿ ಪಾಠ ಶುರುಮಾಡಿದೆ.

ಮಗ ಹೋದದ್ದು ಒಂದು ದಿನ ನಡೆದ ಸಂಗತಿ. ಅದಕ್ಕೆ ಊರಿದೆ, ದಿನವಿದೆ. ಅದು ಭೂತಕಾಲ. ಹಿ ಡೈಡ್. ಅಲ್ಲಿ ಹ್ಯಾವ್ ಹಾಕಿದ್ದಕ್ಕೇ ಅಧಿಕಾರಿಗೆ ಹುಡುಗ ಇನ್ನೂ ಕಾಣೆ ಎಂದು ಕೇಳಿಸಿದ್ದು. ಆದರೆ ಹೆತ್ತದ್ದು ಹಾಗಲ್ಲ. ಅದು ತಾಯಿಯ ಲೆಕ್ಕ. ಐ ಹ್ಯಾವ್ ಹ್ಯಾಡ್ ಟೂ ಚಿಲ್ಡ್ರನ್.

ಆಕೆ ನಂಬಲಿಲ್ಲ. "ಒಬ್ಬ ಇಲ್ಲವಲ್ಲ ಮದಾಮ್. ಆದ್ರೂ ಹ್ಯಾವ್ ಹಾಕಬಹುದಾ? ಸರೀನಾ?"

"ಸರಿ. ಇಂಗ್ಲಿಷ್ ಇಲ್ಲಿ ಮಗು ಬದುಕಿದೆಯಾ ಅಂತ ನೋಡಲ್ಲ ಸೆಲೆಸ್ತೀನ್. ಹೇಳೋ ತಾಯಿ ಬದುಕಿದಾಳಾ ಅಂತ ನೋಡುತ್ತೆ. ನೀವು ಇರೋವರೆಗೂ ನಿಮಗೆ ಇಬ್ಬರು."

ಇದು ನಾನು ಕಟ್ಟಿದ ಸಮಾಧಾನವಲ್ಲ, ಶುದ್ಧ ವ್ಯಾಕರಣ. ಬದುಕಿರುವವರ ಬಗ್ಗೆ ಮಾತ್ರ ಹ್ಯಾವ್ ಹಚ್ಚಿ ಹೀಗೆ ಹೇಳಬಹುದು. ತೀರಿಕೊಂಡ ನಮ್ಮಮ್ಮನ ಬಗ್ಗೆ ಹೇಳುವಾಗ ನಾನು 'ಶಿ ಹ್ಯಾಡ್ ಫೈವ್' ಎನ್ನಬೇಕು. ಅಮ್ಮ ಇದ್ದಿದ್ದರೆ ತಾನೇ 'ಐ ಹ್ಯಾವ್ ಹ್ಯಾಡ್ ಫೈವ್' ಎನ್ನಬಹುದಿತ್ತು. ಈ ನಿಯಮವನ್ನು ಎಷ್ಟು ತಂಡಗಳಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದ್ದೆನೋ. ಅದರ ಅರ್ಥ ನನಗೂ ತಿಳಿದದ್ದು ಆ ಬನ್ನುಗಳ ಮುಂದೆ.

ಸೆಲೆಸ್ತೀನ್ ಕೈಗವಸು ತೆಗೆದಳು. ತುಟಿಯಲ್ಲೇ ಹೇಳಿಕೊಂಡಳು, ಐ ಹ್ಯಾವ್ ಹ್ಯಾಡ್. ಮತ್ತೆ ಸ್ವಲ್ಪ ಜೋರಾಗಿ. ಕಣ್ಣು ತುಂಬಿ ಬಂತು, ಆದರೆ ಮುಖ ನಗುತ್ತಿತ್ತು. ನನ್ನ ಹಿಂದೆ ಗಾಡಿ ಹಿಡಿದು ನಿಂತಿದ್ದ ಬಿಳಿ ಅಜ್ಜಿಯೊಬ್ಬರು ನಮ್ಮಿಬ್ಬರನ್ನೂ ನೋಡಿ, ಏನಾಗಿದೆಯೋ ಪಾಪ ಎಂಬಂತೆ ನನ್ನ ಬೆನ್ನು ತಟ್ಟಿ ಎರಡು ಬ್ರೆಡ್ ತೆಗೆದುಕೊಂಡು ಹೋದರು. ಆ ಸಂಜೆಯಿಂದ ಸೆಲೆಸ್ತೀನ್ ಮತ್ತೆ ಬಂದಳು. ಇಳಾ ಎಷ್ಟು ಹ್ಯಾವ್ ನುಂಗಿ ಕೇಳಿದರೂ ಆಕೆಯ ಕಿವಿ ಅದನ್ನು ಹಿಡಿಯತೊಡಗಿತು.

ಡಿಟ್ರಾಯ್ಟ್

ಸಂದರ್ಶನದ ದಿನ ಆಕೆಯ ಹಳೆಯ ಕಾರಿನಲ್ಲಿ ಪಕ್ಕದ ಸೀಟು ನನ್ನದು. ಊರು ಹತ್ತಿರವಾದಂತೆ ಫಲಕಗಳಲ್ಲಿ ಮತ್ತೆ ಫ್ರೆಂಚ್ ಹೆಸರುಗಳು. ಡಿಟ್ರಾಯ್ಟ್ ಎನ್ನುವುದೇ ಫ್ರೆಂಚ್, ಎರಡು ದೊಡ್ಡ ನೀರನ್ನು ಕೂಡಿಸುವ ಇಕ್ಕಟ್ಟಾದ ಜಲಮಾರ್ಗ ಎಂದರ್ಥ. ನಾವಿಬ್ಬರೂ ಸೇರಿ ಅದನ್ನು ದೇತ್ರ್ವಾ ಎಂದು ಅದರ ತೌರುಮನೆಯ ಉಚ್ಚಾರದಲ್ಲಿ ಕರೆದೆವು. ಬೋಬಿಯಾನ್ ರಸ್ತೆಯನ್ನು ಇಲ್ಲಿಯವರು ಬೋಬಿನ್ ಎನ್ನುತ್ತಾರೆ ಎಂದು ಆಕೆ ಹೇಳಿದಾಗ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಹೆದರಿಕೆಗೂ ಹೀಗೆ ನಗು ಬರುತ್ತದೆ.

ಆಕೆಯನ್ನು ಒಳಗೆ ಕಳಿಸಿ ನಾನು ಹತ್ತಿರದ ಕಾಫಿ ಅಂಗಡಿಯಲ್ಲಿ ಕೂತೆ. ಬಕೆಟ್ಟಿನಂಥ ಲೋಟದಲ್ಲಿ ಕಾಫಿ ಕೊಟ್ಟರು. ಕುಡಿಯಲಾಗಲಿಲ್ಲ. ಎದ್ದು ಹೊರಗೆ ನಡೆದೆ. ದೂರದಲ್ಲಿ ನದಿ, ಅದರಾಚೆ ಕೆನಡಾ. ಭೂಪಟದಲ್ಲಿ ಯಾವಾಗಲೂ ತಲೆಯ ಮೇಲೆ ಇರುವ ಕೆನಡಾ ಇಲ್ಲಿ ದಕ್ಷಿಣಕ್ಕಿದೆ ಎಂದು ಪ್ರಶಾಂತ ಹೇಳಿದ್ದ. ಬೇರೆ ದಿನವಾಗಿದ್ದರೆ ಅದನ್ನು ನೋಡಿ ಕುಣಿಯುತ್ತಿದ್ದೆ. ಈಗ ಮನಸ್ಸೆಲ್ಲ ಆ ಕೋಣೆಯೊಳಗೆ. ಹ್ಯಾವ್ ಕೇಳಿಸಿತೋ ಇಲ್ಲವೋ. ಬೇರೆ ಅಧಿಕಾರಿಯಾಗಿದ್ದು ಬೇರೆ ರೀತಿ ಕೇಳಿದರೆ ಏನು ಗತಿ. ನನ್ನ ಸ್ವಂತ ಪರೀಕ್ಷೆಗಳಿಗೂ ನಾನು ಹೀಗೆ ಒದ್ದಾಡಿದವಳಲ್ಲ.

ಬಹಳ ಹೊತ್ತಿನ ಮೇಲೆ ಆಕೆ ಬಂದಳು. ದೂರದಿಂದ ಮುಖ ನೋಡಿ ಏನೂ ಗೊತ್ತಾಗಲಿಲ್ಲ. ಕಾರಿನ ಒಳಗೆ ಕೂತು ಬಾಗಿಲು ಹಾಕಿಕೊಂಡ ಮೇಲೆ ಆಯ್ತು ಎಂದಳು. ಆಗಿದೆ, ಅಫಿಗೂ ಆದ ಹಾಗೆಯೇ. ನಾನು ಕಿರುಚಿದ ಸದ್ದಿಗೆ ಪಕ್ಕದ ಕಾರಿನವನು ತಿರುಗಿ ನೋಡಿದ. ತಬ್ಬಿಕೊಂಡೆ, ಹಳದಿ ತಲೆವಸ್ತ್ರ ಕಳಚಿ ನನ್ನ ಕೈಗೆ ಬಂತು.

ಆ ಪ್ರಶ್ನೆ ಕೇಳಿದರಾ ಎಂದೆ. ಕೇಳಿದರಂತೆ. ಐ ಹ್ಯಾವ್ ಹ್ಯಾಡ್ ಟೂ, ಒಬ್ಬಳು ನನ್ನ ಜೊತೆಗಿದ್ದಾಳೆ, ಒಬ್ಬ ಲೋಮೆಯಲ್ಲಿ ತೀರಿಕೊಂಡ ಎಂದಳಂತೆ. ಅಧಿಕಾರಿ ಪೆನ್ನು ಕೆಳಗಿಟ್ಟು, ಐ ಆಮ್ ಸಾರಿ ಮ್ಯಾಮ್ ಎಂದು ಹೇಳಿ, ಇಬ್ಬರ ಹೆಸರೂ ಕೇಳಿದನಂತೆ. ಮಗನ ಹೆಸರನ್ನು ಒಮ್ಮೆ ತಾನೂ ಹೇಳಿ, ಸರಿಯಾಗಿ ಹೇಳಿದೆನಾ ಎಂದು ಕೇಳಿದನಂತೆ.

ಸೆಲೆಸ್ತೀನ್ ನನ್ನ ಕೈಯಿಂದ ತಲೆವಸ್ತ್ರ ತೆಗೆದುಕೊಂಡು ಮತ್ತೆ ಕಟ್ಟಿಕೊಂಡಳು. ಇಷ್ಟು ದಿನ ನನ್ನೊಡನೆ ಫ್ರೆಂಚಿನಲ್ಲೇ ಮಾತಾಡುತ್ತಿದ್ದವಳು ಈಗ ತಾನಾಗಿಯೇ ಇಂಗ್ಲಿಷಿನಲ್ಲಿ ಹೇಳಿದಳು.

"ಇನ್ ಸಿಕ್ಸ್ ಇಯರ್ಸ್, ನೋಬಡಿ ಹ್ಯಾಸ್ ಆಸ್ಕ್ಡ್ ಮೀ ಹಿಸ್ ನೇಮ್. ಟುಡೇ, ಹಿ ಆಸ್ಕ್ಡ್."

ಆರು ವರ್ಷದಲ್ಲಿ ಯಾರೂ ಅವನ ಹೆಸರು ಕೇಳಿಲ್ಲ. ಇವತ್ತು ಅವನು ಕೇಳಿದ. ಎರಡು ಕಾಲಗಳೂ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿ ಕೂತಿದ್ದವು, ಯಾರೂ ಹೇಳಿಕೊಡದೆ. ಶಭಾಷ್ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಯಾರೂ ಎಂಬುದರಲ್ಲಿ ನಾನೂ ಇದ್ದೇನೆ ಎಂದು ತಿಳಿಯಿತು. ಎರಡು ವಾರ ಆ ಮಗುವನ್ನು ವಾಕ್ಯದೊಳಗೆ ಎಲ್ಲಿ ಕೂರಿಸುವುದು ಎಂದು ನೋಡಿದ್ದೆನೇ ಹೊರತು ಅದರ ಹೆಸರು ಕೇಳಿರಲಿಲ್ಲ. ನನಗೆ ಬಹಳ ಕೆಟ್ಟದೆನಿಸಿತು.

"ಹೆಸರೇನು ಸೆಲೆಸ್ತೀನ್?" ಎಂದು ಕೇಳಿದೆ.

"ಕೋಜೋ. ಸೋಮವಾರ ಹುಟ್ಟಿದ ಗಂಡುಮಗೂಗೆ ನಮ್ಮಲ್ಲಿ ಆ ಹೆಸರು ಇಡ್ತಾರೆ."

ನಮ್ಮ ಕಡೆ ಹುಟ್ಟಿದ್ದರೆ ಸೋಮಣ್ಣ ಎಂದು ಕರೆಯುತ್ತಿದ್ದೆವು ಎಂದೆ. ಆಕೆ ನನ್ನ ಕಡೆ ತಿರುಗಿ, ಹೇಗೆ, ಇನ್ನೊಮ್ಮೆ ಹೇಳಿ ಎಂದಳು. ಹೇಳಿದೆ. ಸೋಮಣ್ಣ, ಸೋಮಣ್ಣ ಎಂದು ಆಕೆ ಎರಡು ಸಲ ಕರೆದು ನೋಡಿದಳು. ಆಮೇಲೆ ಕಾರು ಸ್ಟಾರ್ಟ್ ಮಾಡಿದಳು.